ಮಕ್ಕಳೊಡನೆ ಮೈತ್ರಿ

ಮಗನನ್ನು ಐದು ವರ್ಷ ಮುದ್ದಿನಿಂದ ಸಾಕಬೇಕು, ಮುಂದಿನ ಹತ್ತು ವರ್ಷ ದಂಡಿಸಿ ತಿದ್ದಬೇಕು, ಹದಿನಾರನೆಯ ವರ್ಷ ಬಂದಿತೆಂದರೆ ಮಿತ್ರನಂತೆ ನಡೆಸಿಕೊಳ್ಳಬೇಕು ಎಂಬ ಅಭಿಪ್ರಾಯದ ನೀತಿಶ್ಲೋಕವೊಂದುಂಟು. ಚಾಣಕ್ಯನ ಹೆಸರಿನಲ್ಲಿ ಪ್ರಚಾರದಲ್ಲಿರುವ ಈ ಶ್ಲೋಕವನ್ನು ಅರಿಯದ ಪಾಠಶಾಲೆಯ ವಿದ್ಯಾರ್ಥಿಯಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಇದನ್ನು ಹೇಳದೆ ಕೆಳಗಿಳಿಯುವ ಭಾಷಣಕಾರನೂ ವಿರಳ. ಸಭಿಕರು ತಲೆದೂಗುತ್ತಾರೆ. ಮನೆಗೆ ಹೋದಮೇಲೆ ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ತಿಳಿಯದು. ಮುದ್ದಿಸುವುದು ಒಂದು ಕ್ರಿಯೆ, ದಂಡಿಸುವುದು ಒಂದು ಕ್ರಿಯೆ. ಇವೆರಡನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೆಯದಾದರೋ ಬರಿಯ ಹೋಲಿಕೆ. ಮಿತ್ರನಂತೆ ಎಂದಾಗಲೇ ಮಿತ್ರನಲ್ಲವೆಂಬುದೂ ಧ್ವನಿತವಾಗುತ್ತದೆ. ತಂದೆಯಾಗಿದ್ದುಕೊಂಡೇ ಮಿತ್ರನಂತೆ ನಡೆಯುವುದು ಹೇಗೆ?

ಧರ್ಮಶಾಸ್ತ್ರವನ್ನು ತೆರೆದರೆ ಕಷ್ಟ ಇನ್ನೂ ಹೆಚ್ಚುತ್ತದೆ. ನಾರದಸ್ಮೃತಿಯ ಮತದಲ್ಲಿ ಎಂಟು ವರ್ಷದವರೆಗಿನ ಶಿಶು ಗರ್ಭದಲ್ಲಿರುವುದಕ್ಕೆ ಸಮಾನ, ಹದಿನಾರರವರೆಗೆ ಬಾಲ, ಆ ಬಳಿಕ ವ್ಯವಹಾರವನ್ನು ಬಲ್ಲವನು. ಆದರೆ ಹೆತ್ತವರು ಇಲ್ಲದಿದ್ದಾಗ ಮಾತ್ರ ಅವನು ಸ್ವತಂತ್ರ. ಅವರು ಬದುಕಿರುವ ತನಕ, ತಾನೇ ಮುದುಕನಾಗಿದ್ದರೂ, ಸ್ವತಂತ್ರನಲ್ಲ. ಒಬ್ಬರು ಹದಿನಾರಕ್ಕೆ ಸ್ನೇಹವನ್ನು ವಿಧಿಸಿದರೆ ಇನ್ನೊಬ್ಬರು ನರೆಬಂದಮೇಲೂ ಬಿಡುಗಡೆಯಿಲ್ಲವೆನ್ನುತ್ತಾರೆ. ಪಾಠಶಾಲೆಯಲ್ಲಿ ಇಂಥ ವಿರೋಧಕ್ಕೆ ವಿಷಯಭೇದವೆಂಬ ಪರಿಹಾರ ಸಿದ್ಧವಾಗಿರುತ್ತದೆ: ನಾರದನದು ಸ್ವತ್ತಿನ ಮಾತು, ನೀತಿಕಾರನದು ನಡತೆಯ ಮಾತು, ಆದಕಾರಣ ವಿರೋಧವಿಲ್ಲ. ಪರೀಕ್ಷೆಯಲ್ಲಿ ಇಷ್ಟು ಬರೆದರೆ ಅಂಕ ದೊರೆಯುತ್ತದೆ. ಸಂಸಾರದಲ್ಲಿ ಸ್ವತ್ತೂ ನಡತೆಯೂ ಬೇರೆಬೇರೆ ಪೆಟ್ಟಿಗೆಗಳಲ್ಲಿ ಇರುವುದಿಲ್ಲ. ಗಂಟು ಯಾರ ಕೈಯಲ್ಲಿರುವುದೋ ಅವರ ಸ್ನೇಹದಲ್ಲಿ ಎಷ್ಟೋ ಪಾಲು ಅಪ್ಪಣೆಯೇ ಆಗಿರುತ್ತದೆ.

ರಾಜಶಾಸನವು ಈ ವಯಸ್ಸಿನ ವಿಷಯದಲ್ಲಿ ಬಹುಕಾಲ ತಡಕಾಡಿದೆ. ನಮ್ಮ ಮೈಸೂರು ಸಂಸ್ಥಾನವು 1894ರಲ್ಲಿ ಬಾಲ್ಯವಿವಾಹವನ್ನು ತಡೆಯಲು ಕಾನೂನು ಮಾಡಿದಾಗ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಎಂಟು ವರ್ಷವೆಂದರೆ ಈಗ ನಗುವವರಿದ್ದಾರೆ. ಆಗ ಅಷ್ಟಕ್ಕೇ ದೊಡ್ಡ ಆಕ್ಷೇಪಣೆ ಎದ್ದಿತ್ತು. 1929ರ ಶಾರದಾ ಶಾಸನವು ಹುಡುಗಿಗೆ ಹದಿನಾಲ್ಕೆಂದಿತು. 1978ರ ತಿದ್ದುಪಡಿ ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ಎಂದಿತು. ಮತ ನೀಡುವ ವಯಸ್ಸು 1989ರಲ್ಲಿ ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಹೀಗೆ ಎಲ್ಲವೂ ಹೆಚ್ಚುಕಡಿಮೆ ಹದಿನೆಂಟರ ಸುತ್ತ ಬಂದು ನಿಂತಿವೆ. (ನಮ್ಮ ಜಿಲ್ಲೆಯೂ 2007ರ ಆಗಸ್ಟ್ ತಿಂಗಳಲ್ಲಿ ಹುಟ್ಟಿ, ಹದಿನೆಂಟು ತುಂಬಲು ಇನ್ನೂ ಮೂರು ತಿಂಗಳಿರುವಾಗಲೇ, 2025ರ ಮೇ ತಿಂಗಳಲ್ಲಿ, ರಾಮನಗರವೆಂಬ ಹೆಸರನ್ನು ಬಿಟ್ಟು ಬೆಂಗಳೂರು ದಕ್ಷಿಣವೆಂಬ ಹೆಸರನ್ನು ಪಡೆಯಿತು. ಅದು ಹಿರಿಯರನ್ನು ಕೇಳಿತೋ ಇಲ್ಲವೋ, ಬೇರೆ ಮಾತು.)

ಪ್ರಕೃತಕ್ಕೆ ಬೇಕಾದುದು ಇಷ್ಟು. ನೀತಿಯು ಹದಿನಾರಕ್ಕೆ ಸ್ನೇಹವನ್ನು ಕೊಡು ಎನ್ನುತ್ತದೆ. ಶಾಸನವು ಹದಿನೆಂಟಕ್ಕೆ ಸ್ವಾತಂತ್ರ್ಯವನ್ನು ಕೊಡುತ್ತದೆ. ನಡುವೆ ಎರಡು ವರ್ಷಗಳ ಅಂತರವಿದೆ. ನಮ್ಮ ಮಕ್ಕಳ ಲೆಕ್ಕದಲ್ಲಿ ಅದು ಹತ್ತನೆಯ ತರಗತಿ ಮುಗಿಸಿ ಪಿ.ಯು.ಸಿ. ಓದತಕ್ಕ ಎರಡು ವರ್ಷ. ನನಗೆ ತೋರುವಂತೆ ನೀತಿಕಾರನ ಮಾತಿಗೆ ಅರ್ಥವಿರುವುದು ಈ ಅಂತರದಲ್ಲಿಯೇ. ಮಗನಿಗೆ ಇನ್ನೂ ಹಕ್ಕಿಲ್ಲದಿರುವಾಗ, ಬೇಡವೆಂದರೆ ಕೇಳುವವರಿಲ್ಲದಿರುವಾಗ, ತಂದೆಯು ತಾನಾಗಿ ಕೊಟ್ಟದ್ದು ಸ್ನೇಹ. ಹದಿನೆಂಟು ತುಂಬಿ, ಕೈಗೆ ಸಂಬಳ ಬಂದು, ಅವನು ಬೆಂಗಳೂರಿನಲ್ಲಿ ಕೋಣೆ ಹಿಡಿದಮೇಲೆ ತಂದೆ ತೋರುವ ಸ್ನೇಹವನ್ನು ಮಗನು ಸಂಧಿಯೆಂದು ತಿಳಿದರೆ ಅವನ ತಪ್ಪೇನು? ಸೋತ ಅರಸನೂ ಸಂಧಿಯನ್ನು ಬೇಡುತ್ತಾನೆ.

ಇರಲಿ, ಸ್ನೇಹವೆಂದರೇನು? ಇತ್ತೀಚೆಗೆ ವಿದ್ಯಾವಂತರ ಮನೆಗಳಲ್ಲಿ, ನಾನು ನನ್ನ ಮಗನಿಗೆ ಫ್ರೆಂಡ್ ಇದ್ದಂತೆ ಎಂದು ಹೆಮ್ಮೆಯಿಂದ ಹೇಳುವ ತಂದೆಯರನ್ನು ಕಾಣುತ್ತೇನೆ. ವಿಚಾರಿಸಿದರೆ, ಮಗನ ಸಂಗಡ ಕೂತು ಕ್ರಿಕೆಟ್ ನೋಡುತ್ತಾರೆ, ಅವನ ಭಾಷೆಯಲ್ಲಿ ಹಾಸ್ಯವಾಡುತ್ತಾರೆ, ಅವನ ಮೊಬೈಲಿನ ಗುಪ್ತಸಂಕೇತ ಇವರಿಗೂ ಗೊತ್ತಿದೆ. ಮೊದಲೆರಡಕ್ಕೆ ನನ್ನ ಆಕ್ಷೇಪಣೆಯಿಲ್ಲ. ಮೂರನೆಯದನ್ನು ಯಾವ ಮಿತ್ರನು ಮಾಡುತ್ತಾನೆ? ಮಿತ್ರನ ಪೆಟ್ಟಿಗೆಯನ್ನು ಅವನಿಲ್ಲದಾಗ ತೆರೆದು ನೋಡುವವನಿಗೆ ಬೇರೆ ಹೆಸರಿದೆ. ಹತ್ತು ವರ್ಷದ ಮಗುವಿನ ಕೈಯಲ್ಲಿ ಆ ಯಂತ್ರವಿದ್ದರೆ ಕಾಯಬೇಕು, ನಿಜ. ಆದರೆ ಅದು ಕಾವಲು, ಅದಕ್ಕೆ ಕಾವಲೆಂದೇ ಹೆಸರಿಡೋಣ.

ಸ್ನೇಹಕ್ಕೆ ಎರಡು ಅಂಗಗಳುಂಟೆಂದು ನನ್ನ ತಿಳಿವಳಿಕೆ. ನಮ್ಮ ಕಷ್ಟವನ್ನು ಅವನಿಗೆ ಹೇಳುವುದು ಒಂದು. ಅವನ ಗುಟ್ಟನ್ನು ಅವನಲ್ಲಿಯೇ ಬಿಡುವುದು ಇನ್ನೊಂದು. ಬಹುಮಂದಿ ಹೆತ್ತವರು ಇದನ್ನು ತಲೆಕೆಳಗು ಮಾಡುತ್ತಾರೆ. ಮಕ್ಕಳ ಗುಟ್ಟೆಲ್ಲ ತಮಗೆ ಬೇಕು; ತಮ್ಮ ಕಷ್ಟವೊಂದೂ ಮಕ್ಕಳಿಗೆ ತಿಳಿಯಬಾರದು. ರಾಮನಗರದಲ್ಲಿ ನೂಲು ಬಿಚ್ಚುವ ಕಸುಬಿನ ಒಂದು ಮನೆಯ ಹುಡುಗ ನನ್ನ ಶಿಷ್ಯನಾಗಿದ್ದನು. ಗೂಡಿನ ಬೆಲೆ ಏರಿ, ನೂಲಿನ ಬೆಲೆ ಇಳಿದು, ತಂದೆ ಸಾಲದಲ್ಲಿ ಮುಳುಗಿದನು. ಮನೆಯಲ್ಲಿ ಯಾರೂ ಮಗನಿಗೆ ಹೇಳಲಿಲ್ಲ; ಓದುವ ಹುಡುಗನ ಮನಸ್ಸು ಕೆಡಬಾರದೆಂಬ ಪ್ರೀತಿ. ಅವನು ಆ ವರ್ಷ ಹೊಸ ಬೈಕು ಬೇಕೆಂದು ಹಟ ಮಾಡಿದನು. ತಂದೆ ಅದಕ್ಕೂ ಸಾಲ ಮಾಡಿ ತಂದುಕೊಟ್ಟನು. ಆರು ತಿಂಗಳಲ್ಲಿ ಸಾಲಗಾರರು ಬಾಗಿಲಿಗೆ ಬಂದರು. ಆ ಹುಡುಗನು ಬಹುಕಾಲದ ಮೇಲೆ ನನ್ನೊಡನೆ ಹೇಳಿದುದು ಬಡತನದ ಮಾತನ್ನಲ್ಲ. “ನಾನು ಕೇಳಿದ್ದು ತಪ್ಪು ಸಾರ್, ಆದರೆ ಕೇಳಬೇಡ ಅಂತ ಒಂದು ಮಾತು ಹೇಳುವಷ್ಟಕ್ಕೂ ನಾನು ಆಗಲಿಲ್ಲವಾ?” ಎಂದನು. ಆ ಪ್ರಶ್ನೆಯಲ್ಲಿದ್ದ ಅವಮಾನವನ್ನು ಸಾಲ ತೀರಿದಮೇಲೂ ತೀರಿಸಲಾಗಲಿಲ್ಲ.

ಇಲ್ಲಿ ಪೂರ್ವಪಕ್ಷಿಯೊಬ್ಬನು ಏಳುತ್ತಾನೆ. ಹಿಂದೆ ಈ ಸ್ನೇಹದ ಮಾತೇ ಇರಲಿಲ್ಲ, ಮಕ್ಕಳು ಚೆನ್ನಾಗಿಯೇ ಬೆಳೆದರು ಎನ್ನುತ್ತಾನೆ. ಅರ್ಧ ನಿಜ. ಚನ್ನಪಟ್ಟಣದ ಗೊಂಬೆ ಮಾಡುವ ಮನೆಯಲ್ಲಿ ಹದಿನಾರರ ಮಗನು ತಂದೆಯ ಮಗ್ಗುಲಲ್ಲಿ ಕೂತಿರುತ್ತಿದ್ದನು. ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಎಷ್ಟು ಒತ್ತಬೇಕೆಂಬುದನ್ನು ಮಾತಿನಲ್ಲಿ ಹೇಳಲಾಗದು. ಅಲ್ಲಿ ಮಾತಿಲ್ಲದೆಯೇ ಒಂದು ಮೈತ್ರಿ ನಡೆಯುತ್ತಿತ್ತು. ತಂದೆಗೆ ಎಷ್ಟು ಬಂದಿತು, ಎಷ್ಟು ಹೋಯಿತೆಂಬುದು ಮಗನ ಕಣ್ಣೆದುರಿಗೇ ಇರುತ್ತಿತ್ತು. ಆದರೆ ಆ ಕಾಲವನ್ನು ಹೊಗಳುವಾಗ ನಾಲಗೆಗೆ ಹಿಡಿತವಿರಬೇಕು. ಇದೇ ಸೀಮೆಯ ನೂಲು ಬಿಚ್ಚುವ ಕೊಟ್ಟಿಗೆಗಳಲ್ಲಿ ಎಷ್ಟೋ ಎಳೆಯ ಕೈಗಳು ಕುದಿನೀರಿನಲ್ಲಿ ಬೆಂದಿವೆ. ಪರರ ಮಕ್ಕಳು ಹೆತ್ತವರ ಮುಂಗಡ ಸಾಲಕ್ಕೆ ದುಡಿದಿದ್ದಾರೆ. 1986ರಲ್ಲಿ ಬಾಲಕಾರ್ಮಿಕರ ಶಾಸನ ಬಂದುದು, 2016ರಲ್ಲಿ ಅದು ಇನ್ನೂ ಬಿಗಿಯಾದುದು ಸುಮ್ಮನೆ ಅಲ್ಲ.

ಈಗ ಚನ್ನಪಟ್ಟಣ, ರಾಮನಗರಗಳ ಹುಡುಗರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಡುತ್ತಾರೆ. ರೈಲಿಲ್ಲದ ಕನಕಪುರ, ಮಾಗಡಿ ಪಟ್ಟಣಗಳವರು ಬಸ್ಸಿಗೆ ಕಾಯುತ್ತಾರೆ. ಮಗ ಓದುವುದು ತಂದೆಗೆ ತಿಳಿಯದು. ತಂದೆಯ ಕೆಲಸ ಮಗನ ಕಣ್ಣಿಗೆ ಬೀಳದು. ಮೌನದಲ್ಲಿ ನಡೆಯುತ್ತಿದ್ದ ಮೈತ್ರಿಗೆ ಆಧಾರವಾದ ಕೆಲಸವೇ ಹೋದಮೇಲೆ ಉಳಿದುದು ಬರಿಯ ಮೌನ. ಆದಕಾರಣವೇ ಹಿಂದೆ ಬೇಕಿಲ್ಲದ ಮಾತು ಈಗ ಬೇಕಾಗಿದೆ.

ಮಾತೆಂದರೆ ಸದಾ ಕೆದಕುವುದಲ್ಲ. ರೇಷ್ಮೆ ಸಾಕುವ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹುಳು ಬೆಳೆಯುವಾಗ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ಮುಟ್ಟುವುದಿಲ್ಲ, ತಲೆಯೆತ್ತಿಕೊಂಡು ಕದಲದೆ ಇರುತ್ತದೆ. ಹೊಸಬನು ರೋಗವೆಂದು ಹೆದರುತ್ತಾನೆ. ಬಲ್ಲವನು ಸೊಪ್ಪು ಹಾಕುವುದನ್ನು ನಿಲ್ಲಿಸಿ, ಗಾಳಿ ಬಿಟ್ಟು, ಮುಟ್ಟದೆ ಇರುತ್ತಾನೆ. ಹುಳು ಹಳೆಯ ಚರ್ಮ ಕಳಚಿ ಎದ್ದಮೇಲೆ ಸೊಪ್ಪು ಹೊತ್ತಿಗೆ ಸರಿಯಾಗಿ ಸಿಕ್ಕಬೇಕು. ಬಾಗಿಲು ಹಾಕಿಕೊಂಡು ಕೂತ ಮಗನನ್ನು ದಿನಕ್ಕೆ ಹತ್ತು ಸಲ ಏನಾಯಿತೆಂದು ಕೇಳುವ ತಾಯಿಯು ತನ್ನ ತೋಟದ ಮನೆಯಲ್ಲಿ ಇಷ್ಟು ತಾಳ್ಮೆಯನ್ನು ಪ್ರತಿ ಬೆಳೆಗೂ ತೋರಿಸುತ್ತಾಳೆ.

ಉಪನಿಷತ್ತುಗಳಲ್ಲಿ ಉದ್ದಾಲಕನೂ ಅವನ ಮಗ ಶ್ವೇತಕೇತುವೂ ಬರುವ ಕಥೆಗಳಿವೆ. ಛಾಂದೋಗ್ಯದಲ್ಲಿ ಮಗನು ಹನ್ನೆರಡಕ್ಕೆ ಗುರುಕುಲಕ್ಕೆ ಹೋಗಿ, ಇಪ್ಪತ್ತನಾಲ್ಕಕ್ಕೆ, ತಾನು ಬಹಳ ಓದಿದವನೆಂಬ ಬಿಗುಮಾನದಿಂದ ಮರಳುತ್ತಾನೆ. ತಂದೆ ಅದಕ್ಕಾಗಿ ಗದರಿಸುವುದಿಲ್ಲ. ಆಲದ ಹಣ್ಣು ತಾ, ಒಡೆ, ಏನು ಕಾಣುತ್ತದೆ ಹೇಳು ಎಂದು ಮಗನ ಕೈಯಿಂದಲೇ ಮಾಡಿಸುತ್ತಾನೆ. ಇದು ಪ್ರಸಿದ್ಧ ಭಾಗ. ನನಗೆ ಇನ್ನೊಂದು ಕಥೆ ಇದಕ್ಕಿಂತ ಪ್ರಿಯವಾದುದು. ಪಾಂಚಾಲರ ಸಭೆಯಲ್ಲಿ ಪ್ರವಾಹಣರಾಜನು ಐದು ಪ್ರಶ್ನೆ ಕೇಳಿದನು; ಶ್ವೇತಕೇತುವಿಗೆ ಒಂದೂ ತಿಳಿಯಲಿಲ್ಲ. ನೊಂದು ಮನೆಗೆ ಬಂದು, ಎಲ್ಲವನ್ನೂ ಕಲಿಸಿದೆನೆಂದು ಹೇಳಿದೆಯಲ್ಲ ಎಂದು ತಂದೆಯ ಮೇಲೆ ಹರಿಹಾಯ್ದನು. ಉದ್ದಾಲಕನು ಮಹಾಪಂಡಿತ. ಅವನು ಹೇಳಿದುದರ ಸಾರ ಇಷ್ಟೆ: ಇವು ನನಗೂ ಗೊತ್ತಿಲ್ಲ, ಗೊತ್ತಿದ್ದರೆ ನಿನಗೆ ಹೇಳದೆ ಇರುತ್ತಿದ್ದೆನೆ? ಬೃಹದಾರಣ್ಯಕದ ಪಾಠದಲ್ಲಿ ಇನ್ನೂ ಒಂದು ಹೆಜ್ಜೆಯಿದೆ. ಬಾ, ಇಬ್ಬರೂ ಹೋಗಿ ಆ ರಾಜನಲ್ಲಿ ಶಿಷ್ಯರಾಗಿ ಕಲಿಯೋಣ ಎಂದು ತಂದೆ ಕರೆಯುತ್ತಾನೆ. ಮಗನು, ನೀವೇ ಹೋಗಿ ಎನ್ನುತ್ತಾನೆ! ಇಂದಿನ ಯಾವ ಮನೆಯಲ್ಲಿಯೂ ಕೇಳಬಹುದಾದ ಮಾತು. ತಂದೆ ಕೋಪಿಸಿಕೊಳ್ಳಲಿಲ್ಲ, ಎಳೆದೊಯ್ಯಲೂ ಇಲ್ಲ. ಒಬ್ಬನೇ ಹೋದನು, ಕಲಿತನು. ನನಗೆ ಗೊತ್ತಿಲ್ಲವೆಂದು ಮಗನೆದುರಿಗೆ ಹೇಳಿದುದರಿಂದ ಉದ್ದಾಲಕನ ಗೌರವ ಎಲ್ಲಿ ಕುಂದಿತು? ಎರಡು ಉಪನಿಷತ್ತುಗಳು ಅವನನ್ನು ಅದೇ ಗೌರವದಿಂದ ನೆನೆಯುತ್ತವೆ.

ಇಷ್ಟು ಹೊತ್ತು ಮಗನೆಂದೇ ಬರೆದೆನು. ಶ್ಲೋಕದಲ್ಲಿರುವುದೂ ಪುತ್ರಶಬ್ದವೇ. ಮಗ, ಮಗಳು ಇಬ್ಬರನ್ನೂ ಕೂಡಿಸಿ ಪುತ್ರಶಬ್ದದ ದ್ವಿವಚನದಿಂದ ಹೇಳಬಹುದೆಂದು ಪಾಣಿನಿಯ ಏಕಶೇಷಪ್ರಕರಣದಲ್ಲಿ ಸೂತ್ರವಿದೆ. ಆದರೆ ಶ್ಲೋಕದಲ್ಲಿರುವುದು ಏಕವಚನ, ವ್ಯಾಕರಣ ಸಹಾಯಕ್ಕೆ ಬರುವುದಿಲ್ಲ. ಮಗಳ ವಿಷಯದಲ್ಲಿ ನಾವೇ ನಿರ್ಣಯಿಸಬೇಕು. ಹೆಣ್ಣುಮಕ್ಕಳಿಗೆ ಹದಿನಾರರಲ್ಲಿ ದೊರೆಯುವುದು ಬಹುಪಾಲು ಕಾವಲೇ.

ನಾನು ಕೆಲಸದಲ್ಲಿದ್ದ ಕಡೆಯ ವರ್ಷಗಳಲ್ಲಿ ಮಾಗಡಿ ಕಡೆಯ ಒಬ್ಬ ಗೃಹಸ್ಥರು ಒಂದು ಸಂಜೆ ಶಾಲೆಗೆ ಬಂದರು. ಮಗಳು ನಮ್ಮಲ್ಲಿ ಹತ್ತನೆಯ ತರಗತಿ ಮುಗಿಸಿ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಳು. ಬಸ್ಸಿನಲ್ಲಿ ಒಬ್ಬ ಹುಡುಗನೊಡನೆ ಮಾತನಾಡುತ್ತಾಳೆಂದು ಯಾರೋ ಹೇಳಿದರು. ಮೊಬೈಲು ಕಿತ್ತಿಟ್ಟಾಯಿತು, ಕಾಲೇಜು ನಿಂತಿತು, ಸಂಬಂಧವೂ ಗೊತ್ತಾಯಿತು. ಹದಿನೆಂಟಕ್ಕೆ ಏಳು ತಿಂಗಳು ಕಡಿಮೆ. ಶಾಲೆಯ ದಾಖಲೆಯಲ್ಲಿ ಹುಟ್ಟಿದ ತಾರೀಖನ್ನು ಸ್ವಲ್ಪ ಹಿಂದಕ್ಕೆ ಹಾಕಿಕೊಡಬೇಕು, ಇದು ಅವರ ಕೋರಿಕೆ. ಅದು ಆಗತಕ್ಕ ಮಾತಲ್ಲವೆಂದೆನು. ಅಂಥ ಮದುವೆ 2006ರ ಶಾಸನದಂತೆ ಅಪರಾಧವೆಂದೂ ಹೇಳಿದೆನು. ಹಾಗಾದರೆ ಆ ಹುಡುಗನ ಮೇಲೆ ಪೊಲೀಸರಿಗೆ ದೂರು ಕೊಡುತ್ತೇನೆಂದರು. 2012ರ ಪೋಕ್ಸೋ ಶಾಸನದ ಹೆಸರು ಅವರಿಗೆ ಬಾಯಿಪಾಠವಾಗಿತ್ತು. ಮಕ್ಕಳನ್ನು ಕೇಡಿಗರಿಂದ ರಕ್ಷಿಸಲು ಬಂದ ಶಾಸನವನ್ನು ಮಗಳ ಸ್ನೇಹಿತನ ಮೇಲೆ ಬೀಸುವ ಕೋಲಾಗಿ ಹಿಡಿಯುವುದು ಈಗ ಹಳ್ಳಿಗಳವರೆಗೂ ಬಂದಿದೆ.

“ಮಗಳನ್ನು ಒಂದು ಮಾತು ಕೇಳಿದಿರಾ?” ಎಂದೆನು.

“ಏನು ಕೇಳೋದು ಮೇಷ್ಟ್ರೇ, ಹೆಣ್ಣುಮಗೂನ?” ಎಂದರು.

ಮೂರು ಜನರ ಬಾಳು ಕೆಡುವುದರಲ್ಲಿದ್ದ ಆ ಮನೆಯಲ್ಲಿ, ಅದುವರೆಗೆ ಒಬ್ಬರೂ ಆಕೆಯನ್ನು ಏನೂ ಕೇಳಿರಲಿಲ್ಲ. ಅವರು ಆ ರಾತ್ರಿ ಕೇಳಿದರಂತೆ. ಆಕೆ ಹುಡುಗನ ವಿಷಯವಾಗಿ ಏನು ಹೇಳಿದಳೋ ತಂದೆ ನನಗೆ ತಿಳಿಸಲಿಲ್ಲ, ನಾನು ಕೇಳಲೂ ಇಲ್ಲ. ಪರೀಕ್ಷೆಗೆ ಕೂರಿಸಿ ಎಂದು ಬೇಡಿಕೊಂಡಳೆಂಬುದಷ್ಟನ್ನು ತಿಳಿಸಿದರು. ಮದುವೆ ನಿಂತಿತು, ದೂರು ಹೋಗಲಿಲ್ಲ, ಆಕೆ ಪರೀಕ್ಷೆ ಬರೆದಳು. ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಕಡೆಗೆ ಆಕೆ ಅದೇ ಹುಡುಗನನ್ನು ಮದುವೆಯಾದಳೇ ಎಂದು ಈ ಸಂಗತಿ ಕೇಳಿದವರೆಲ್ಲರೂ ವಿಚಾರಿಸುತ್ತಾರೆ. ಅದನ್ನು ಹೇಳತಕ್ಕವಳು ಆಕೆ.