ಪರರ ಪರವಾಗಿ ಆಡುವ ಮಾತು ಮತ್ತು ಸತ್ಯಾಣುವ್ರತ

ತನ್ನ ವಿಷಯದಲ್ಲಿ ಸತ್ಯವನ್ನು ನುಡಿಯುವುದು ಕಷ್ಟಸಾಧ್ಯವಾದರೂ ಅದರ ಮಾರ್ಗ ಸ್ಪಷ್ಟವಾಗಿರುತ್ತದೆ. ಆದರೆ ತನ್ನ ಸ್ಥಿತಿಯನ್ನು ತಾನೇ ವಿವರಿಸಲಾರದ ಆಪ್ತನೊಬ್ಬನ ಪರವಾಗಿ ಸತ್ಯವನ್ನು ನುಡಿಯಬೇಕಾಗಿ ಬಂದಾಗ ವಿವೇಕಿಗಳೂ ತೊಡಕಿಗೆ ಸಿಲುಕುತ್ತಾರೆ. ಬುದ್ಧಿಮಾಂದ್ಯವುಳ್ಳ ಮಗುವೋ ಮನೋರೋಗದಿಂದ ಬಳಲುವ ಸಹೋದರನೋ ಇರುವ ಮನೆಗಳಿಗೆ ಈ ತೊಡಕು ವೈಕಲ್ಯದ ಪ್ರಮಾಣಪತ್ರ ನೀಡುವ ವೈದ್ಯರ ಎದುರಿನಲ್ಲಿ ಪ್ರತ್ಯಕ್ಷವಾಗುತ್ತದೆ. ಈ ಬಗ್ಗೆ ಶ್ರಾವಕಧರ್ಮದ ದೃಷ್ಟಿಯಿಂದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. 1995ರ ಕಾಯಿದೆಯು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು 21 ಬಗೆಗಳನ್ನು ಗುರುತಿಸಿದೆ. ವೈಕಲ್ಯವು ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣೀಕೃತವಾದರೆ ಮಾತ್ರ ಮೀಸಲಾತಿಯೇ ಮೊದಲಾದ ಮುಖ್ಯ ಸೌಲಭ್ಯಗಳು ದೊರೆಯುತ್ತವೆ. ಮನೋರೋಗದಿಂದ ಉಂಟಾದ ವೈಕಲ್ಯವನ್ನು ಅಳೆಯಲು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ‘ಐಡಿಯಾಸ್’ ಎಂಬ ಮಾಪನವನ್ನು ಹೇಳಿತು. ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ಕ್ಷೇತ್ರಗಳಲ್ಲಿ ಸೊನ್ನೆಯಿಂದ 4ರವರೆಗೆ ಅಂಕ ನೀಡಿ, ರೋಗದ ಅವಧಿಯನ್ನೂ ಅದಕ್ಕೆ ಸೇರಿಸಲಾಗುತ್ತದೆ. ರೋಗಿಯ ದಿನಚರಿಯನ್ನು ವೈದ್ಯರು ಕಣ್ಣಾರೆ ಕಂಡವರಲ್ಲ. ಆದುದರಿಂದ ಮನೆಯವರ ಮಾತಿಗೆ ಇಲ್ಲಿ ವಿಶೇಷ ತೂಕವಿರುತ್ತದೆ.

ಒಬ್ಬ ಅಣ್ಣನು ತನ್ನ ತಮ್ಮನನ್ನು ಕರೆತಂದಿರುವನೆಂದು ಭಾವಿಸೋಣ. ತಮ್ಮನು ಅಂದು ಸ್ನಾನ ಮಾಡಿ ಇಸ್ತ್ರಿಯ ಅಂಗಿ ತೊಟ್ಟಿದ್ದಾನೆ. “ನಿಮ್ಮ ಕೆಲಸ ನೀವೇ ಮಾಡಿಕೊಳ್ಳುತ್ತೀರಾ?” ಎಂದು ವೈದ್ಯರು ಕೇಳಿದರೆ “ಹೌದು” ಎನ್ನುತ್ತಾನೆ. ಆ ಸ್ನಾನಕ್ಕಾಗಿ ಅತ್ತಿಗೆಯು ಮೂರು ದಿನ ಬೇಡಿಕೊಂಡದ್ದು ಅಣ್ಣನಿಗೆ ತಿಳಿದಿದೆ. ಈಗ ಅವನು ಏನು ಹೇಳಬೇಕು?

ಅವನ ಮುಂದೆ ಮೂರು ಸುಲಭದ ದಾರಿಗಳಿವೆ. ಮೊದಲನೆಯದು ಮೌನ. ಮನೆತನದ ಮರ್ಯಾದೆ, ಮಕ್ಕಳ ಮದುವೆಯ ಮಾತುಕತೆ ಇವುಗಳಿಗೆ ಅಂಜಿ ಅವನು ಸುಮ್ಮನಿರಬಹುದು. ಎರಡನೆಯದು ಅತಿಶಯೋಕ್ತಿ. “ಹೆಸರು ಕೇಳಿದರೂ ಬಾಯಿ ಬಿಡಬೇಡ” ಎಂದು ತಮ್ಮನಿಗೆ ಮೊದಲೇ ಹೇಳಿಕೊಟ್ಟು ಕರೆತರಬಹುದು. ಮೂರನೆಯದು ನಿಷ್ಠುರ ವಚನ. “ಇವನಿಂದ ಏನೂ ಆಗದು, ನಮಗೆ ಸಾಕಾಗಿಹೋಗಿದೆ” ಎಂದು ಅವನ ಎದುರಿನಲ್ಲಿಯೇ ಆಡಿಬಿಡಬಹುದು. ಮೊದಲನೆಯದರ ಹಿಂದೆ ಮಾನಕಷಾಯವೂ, ಎರಡನೆಯದರ ಹಿಂದೆ ಲೋಭ ಮತ್ತು ಮಾಯೆಯೂ, ಮೂರನೆಯದರ ಹಿಂದೆ ದಣಿವಿನಿಂದ ಹುಟ್ಟಿದ ಕ್ರೋಧವೂ ಇವೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತವನ್ನು ನಿರೂಪಿಸುವಾಗ, ತಾನು ಸ್ಥೂಲವಾದ ಸುಳ್ಳನ್ನಾಡದಿರುವುದರ ಜೊತೆಗೆ ಇತರರಿಂದ ಆಡಿಸದಿರುವುದನ್ನೂ, ವಿಪತ್ತಿಗೆ ಕಾರಣವಾಗುವ ಸತ್ಯವನ್ನು ನುಡಿಯದಿರುವುದನ್ನೂ ಸೇರಿಸಿದ್ದಾರೆ. ಅಸಹಾಯಕನಾದ ತಮ್ಮನಿಗೆ ನಟನೆಯನ್ನು ಕಲಿಸಿದ ಅಣ್ಣನು ತನ್ನ ವ್ರತದೊಡನೆ ತಮ್ಮನ ಆತ್ಮಗೌರವವನ್ನೂ ಭಂಗಗೊಳಿಸುತ್ತಾನೆ.

ನೋವನ್ನುಂಟುಮಾಡುವ ಸತ್ಯವೂ ದೋಷವಾದರೆ, ತಮ್ಮನ ಕೊರತೆಗಳನ್ನು ಹೇಳುವುದೇ ತಪ್ಪಾಗುವುದಿಲ್ಲವೇ ಎಂದು ಕೆಲವರು ಶಂಕಿಸಬಹುದು. ಹೇಳದಿದ್ದರೆ ಅವನ ಹಕ್ಕು ಕೈತಪ್ಪುತ್ತದೆ. ಅದೂ ಅವನಿಗೆ ವಿಪತ್ತೇ. ಆದುದರಿಂದ ಏನನ್ನು ಹೇಳಬೇಕು ಎಂಬುದರಷ್ಟೇ ಹೇಗೆ ಹೇಳಬೇಕು ಎಂಬುದೂ ಮುಖ್ಯ. ನಮ್ಮ ಆಚಾರ್ಯರು ಹಿಂಸೆಗೂ ಅಸತ್ಯಕ್ಕೂ ಪ್ರಮಾದವನ್ನು ಮೂಲವೆಂದು ಗುರುತಿಸಿದ್ದಾರೆ. ಎಚ್ಚರದಿಂದ ನಡೆಯಬೇಕಾದರೆ ಸಿದ್ಧತೆ ಮನೆಯಲ್ಲಿಯೇ ಆರಂಭವಾಗಬೇಕು. ಒಂದು ತಿಂಗಳ ಕಾಲ ಯಾವ ದಿನ ಯಾವ ಕೆಲಸಕ್ಕೆ ಎಷ್ಟು ನೆರವು ಬೇಕಾಯಿತೆಂದು ಬರೆದಿಡುವುದು, “ವೈದ್ಯರಿಗೆ ಇದನ್ನು ಹೇಳಲೇ?” ಎಂದು ತಮ್ಮನನ್ನೇ ಕೇಳುವುದು, ಅವನೆದುರು ಆಡಲಾಗದ ಮಾತಿದ್ದರೆ ಅವನಿಗೆ ತಿಳಿಸಿಯೇ ವೈದ್ಯರೊಡನೆ ಪ್ರತ್ಯೇಕವಾಗಿ ಮಾತನಾಡುವುದು, ಅವನು ಮಾಡಬಲ್ಲುದನ್ನೂ ಮಾಡಲಾರದುದನ್ನೂ ಜೊತೆಯಾಗಿ ಹೇಳುವುದು. ಸ್ನಾನ ಮಾಡಬಲ್ಲನು ಎಂಬುದು ಒಂದು ನಯದಿಂದ ಸತ್ಯ. ಪ್ರೇರಣೆಯಿಲ್ಲದೆ ಮಾಡಲಾರನು ಎಂಬುದು ಇನ್ನೊಂದು ನಯದಿಂದ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿದರೆ ಅದು ಏಕಾಂತವಾದವಾಗುತ್ತದೆ.

2016ರ ಕಾಯಿದೆಯ 14ನೆಯ ಕಲಮೂ ಇದೇ ದಿಕ್ಕಿನಲ್ಲಿದೆ. ಅದು ಹೇಳುವ ಸೀಮಿತ ಪೋಷಕತ್ವವು ಪರಸ್ಪರ ವಿಶ್ವಾಸದ ಮೇಲೆ ನಿಂತ ಜಂಟಿ ನಿರ್ಣಯ. ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ವಿಷಯಕ್ಕೆ ಮಾತ್ರ ಸಲ್ಲುವಂಥದು. ಅದು ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿ ನಡೆಯಬೇಕು. ಅಣ್ಣನು ತಮ್ಮನ ನಾಲಗೆಯಾಗಬಹುದು, ಒಡೆಯನಾಗಲಾರನು.

ಇಷ್ಟಾದರೂ ಕಠಿಣ ಪ್ರಶ್ನೆಯೊಂದು ಉಳಿಯುತ್ತದೆ. ಸತ್ಯವನ್ನೇ ಹೇಳಿ ಶೇಕಡಾ 38 ಎಂದು ಪತ್ರ ದೊರೆತರೆ ಗತಿಯೇನು? ಎರಡಂಶಕ್ಕಾಗಿ ಬದುಕಿನ ಆಧಾರವೇ ತಪ್ಪುವುದು ಅನ್ಯಾಯವೆಂದು ಅನ್ನಿಸುವುದು ಸಹಜ. ಆ ಅನ್ಯಾಯದ ವಿರುದ್ಧ ಮೇಲ್ಮನವಿ ಸಲ್ಲಿಸಲು ಕಾಯಿದೆಯ 59ನೆಯ ಕಲಮು ಅವಕಾಶ ನೀಡಿದೆ. ವಂಚನೆಯಿಂದ ಸೌಲಭ್ಯ ಪಡೆಯುವವರಿಗೆ 91ನೆಯ ಕಲಮು ಎರಡು ವರ್ಷಗಳವರೆಗಿನ ಸೆರೆಮನೆಯನ್ನು ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡವನ್ನು ಅಥವಾ ಎರಡನ್ನೂ ವಿಧಿಸಿದೆ. ಶಿಕ್ಷೆಯ ಭಯಕ್ಕಿಂತ ದೊಡ್ಡ ಕಾರಣವೂ ಇದೆ. ಸುಳ್ಳು ಪತ್ರಗಳು ಹೆಚ್ಚಿದಂತೆ ಪರೀಕ್ಷಕರ ಸಂಶಯವೂ ಹೆಚ್ಚುತ್ತದೆ. ಆ ಸಂಶಯದ ಭಾರವನ್ನು ಹೊರುವವನು ಮುಂದಿನ ಸರದಿಯಲ್ಲಿ ನಿಂತ ನಿಜವಾದ ಅಶಕ್ತನು.

ಮಾಸಾಶನ ದೊರೆತ ಮೇಲೂ ಪ್ರತಿನಿಧಿಯ ಧರ್ಮ ಮುಗಿಯುವುದಿಲ್ಲ. ಆ ಹಣ ತಮ್ಮನ ನ್ಯಾಸ. ಅದನ್ನು ಮನೆಖರ್ಚಿನಲ್ಲಿ ಕರಗಿಸುವುದು ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ ನ್ಯಾಸಾಪಹಾರಕ್ಕೆ ಸಮೀಪವಾದುದು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ನೇಮಕಗೊಂಡ ಪೋಷಕನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕವನ್ನೂ ಒಪ್ಪಿಸಬೇಕು. ದೇವದ್ರವ್ಯದ ಲೆಕ್ಕವಿಡುವುದನ್ನು ಬಲ್ಲ ನಮ್ಮ ಸಮಾಜಕ್ಕೆ ಇದು ಹೊಸ ಪಾಠವಲ್ಲ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ಒಂದು ವಿನಂತಿ. ಶೇಕಡಾ 40ರ ಗೆರೆಯ ಕೆಳಗೆ ಉಳಿದ ಕುಟುಂಬಗಳು ನಮ್ಮ ನಡುವೆಯೇ ಇವೆ. ಅವರಿಗಾಗಿ ಆಹಾರ, ಔಷಧ ದಾನದ ನಿಧಿಯಿಂದ ಒಂದು ಪಾಲನ್ನು ತೆಗೆದಿಡಬೇಕು. ಅದನ್ನು ನೀಡುವಾಗ ವೇದಿಕೆಗೆ ಕರೆದು ಕಷ್ಟವನ್ನು ಹೇಳಿಸಿ ಛಾಯಾಚಿತ್ರ ತೆಗೆಸುವ ಪದ್ಧತಿಯನ್ನು ಕೈಬಿಡಬೇಕು. ಸರ್ಕಾರದ ಮುಂದೆ ಒಮ್ಮೆ ತನ್ನ ಅಶಕ್ತಿಯನ್ನು ಸಾಬೀತುಪಡಿಸಿ ಬಂದವನು ಧರ್ಮದ ಮನೆಯಲ್ಲಿಯೂ ಅದನ್ನೇ ಮಾಡಬೇಕಾಗಿ ಬಾರದಿರಲಿ. ಸತ್ಯ ಹೇಳಿ ಸೌಲಭ್ಯ ಕಳೆದುಕೊಂಡ ಮನೆಗೆ ಆಸರೆ ದೊರೆಯುವ ಸಮಾಜದಲ್ಲಿ ಸತ್ಯ ಹೇಳುವುದು ಅಷ್ಟು ಕಷ್ಟವಾಗದು.