ದೇವರು ನೂರಕ್ಕೆ ಎಷ್ಟು?

ಭೌತವಿಜ್ಞಾನಿ ಸ್ಟೀಫನ್ ಅನ್ವಿನ್ 2003ರಲ್ಲಿ ದೇವರಿರುವ ಸಂಭವವನ್ನು ಲೆಕ್ಕ ಹಾಕಿ ಒಂದು ಪುಸ್ತಕವನ್ನೇ ಬರೆದರು. ಮೊದಲು ಶೇ. 50 ಎಂದಿಟ್ಟುಕೊಂಡು, ಒಳಿತು, ಕೆಡುಕು, ಪವಾಡಗಳಿಗೆಲ್ಲ ಒಂದೊಂದು ಅಂಕ ಕೊಟ್ಟು, ಪುರಾವೆಗೆ ತಕ್ಕಂತೆ ಸಂಭವವನ್ನು ತಿದ್ದುವ ಬೇಯ್ಸ್ ಸೂತ್ರಕ್ಕೆ ಹಾಕಿದರು. ಶೇ. 67 ಬಂತು. ಸಂದೇಹವಾದಿ ಮೈಕೆಲ್ ಶರ್ಮರ್ ಅದೇ ಸೂತ್ರಕ್ಕೆ ತಮ್ಮ ಅಂಕಗಳನ್ನು ತುಂಬಿದರು. ಶೇ. 2 ಬಂತು!

ಸೂತ್ರದ ತಪ್ಪಿಲ್ಲ. ಇಬ್ಬರೂ ತಾವು ನಂಬಿದ್ದನ್ನೇ ತಿರುಗಿ ಪಡೆದರು, ಅಷ್ಟೆ.

ದೇವರಿರುವುದು ಅಸಂಭವ ಎಂಬ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ವಾದ ಇಷ್ಟು ಸಲೀಸಾಗಿ ಬೀಳುವುದಿಲ್ಲ. ಜೀವ ಆಕಸ್ಮಿಕವಾಗಿ ಹುಟ್ಟಿತೆನ್ನುವುದು, ಗುಜರಿ ಅಂಗಳಕ್ಕೆ ನುಗ್ಗಿದ ಸುಂಟರಗಾಳಿ ಬೋಯಿಂಗ್ 747 ಜೋಡಿಸಿತು ಎಂದಂತೆ ಎಂಬುದು ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಮಾತು. 2006ರ ‘ದ ಗಾಡ್ ಡೆಲ್ಯೂಷನ್’ನಲ್ಲಿ ಡಾಕಿನ್ಸ್ ಆ ವಿಮಾನವನ್ನು ದೇವರತ್ತಲೇ ತಿರುಗಿಸಿದರು. ಜಟಿಲವಾದದ್ದು ತಾನಾಗಿ ಇರುವುದು ಅಸಂಭವವಾದರೆ, ಜಗತ್ತನ್ನೇ ರೂಪಿಸಬಲ್ಲವನು ಇನ್ನೂ ಅಸಂಭವ. ಕಣ್ಣು, ರೆಕ್ಕೆಗಳಿಗಾದರೆ ನೈಸರ್ಗಿಕ ಆಯ್ಕೆಯ ಮೆಟ್ಟಿಲುಗಳಿವೆ. ದೇವರು ಯಾವ ಮೆಟ್ಟಿಲು ಹತ್ತಿ ಬಂದ?

ಈ ವಾದಕ್ಕೆ ಹತ್ತಿರದ್ದೊಂದು ನಮ್ಮಲ್ಲಿ ಒಂಬತ್ತನೆಯ ಶತಮಾನದಲ್ಲೇ ಇತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರು ಜಿನಸೇನರು ಸಂಸ್ಕೃತದ ಆದಿಪುರಾಣದಲ್ಲಿ (ಪಂಪನ ಕಾವ್ಯಕ್ಕೆ ಆಕರ ಇದೇ) ಸೃಷ್ಟಿಕರ್ತನನ್ನು ಪ್ರಶ್ನಿಸುತ್ತಾರೆ. ಜಗತ್ತನ್ನು ಮಾಡಲು ಸಾಮಗ್ರಿ ಬೇಕು, ಅದನ್ನು ಮಾಡಿದವರಾರು? ಅದು ತಾನಾಗಿಯೇ ಇತ್ತೆನ್ನುವುದಾದರೆ ಜಗತ್ತೂ ತಾನಾಗಿ ಇರಬಾರದೇಕೆ? ಜಿನಸೇನರು ಸಂಭವ ಎಷ್ಟೆಂಬ ಗೊಡವೆಗೆ ಹೋಗದೆ ಎದುರಾಳಿಯ ತರ್ಕವನ್ನೇ ಹಿಡಿದು ನಿಲ್ಲಿಸಿದರು. ಅದೇ ಜಾಣತನ.

ಏಕೆಂದರೆ ಬರೀ ಅಸಂಭವದಿಂದ ಏನೂ ಸಾಬೀತಾಗದು. ಇಸ್ಪೀಟಿನ 52 ಎಲೆ ಕಲಸಿ 13 ಹಂಚಿದಾಗ, ಕೈಗೆ ಬಂದ ಆ ಹದಿಮೂರೇ ಬರುವ ಸಂಭವ 63 ಸಾವಿರ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಹಾಗೆಂದು ಆ ಎಲೆಗಳು ಬಂದೇ ಇಲ್ಲ ಎಂದು ಯಾರೂ ವಾದಿಸುವುದಿಲ್ಲ. ಹಂಚಿದವನು ಕಲಸಿದ್ದನೋ, ಜೋಡಿಸಿಟ್ಟಿದ್ದನೋ ಎಂಬ ಅನುಮಾನ ಬಂದಾಗ ಮಾತ್ರ ಲೆಕ್ಕಕ್ಕೆ ಅರ್ಥ. ಆಟಗಾರನಿಗೆ ಹಿಂದಿನ ಸಾವಿರ ಆಟಗಳ ಅನುಭವವಿರುತ್ತದೆ. ಜಗತ್ತು ಮಾತ್ರ ಒಂದೇ.

ಇನ್ನು ದೇವರು ಜಟಿಲ ಎಂಬ ಡಾಕಿನ್ಸ್ ಮಾತಿಗೆ ಬಂದರೆ, ದೇವರಿಗೆ ಬಿಡಿಭಾಗಗಳೇ ಇಲ್ಲ, ಆತ ಅತ್ಯಂತ ಸರಳ ಎಂದು ಆಕ್ಸ್‌ಫರ್ಡಿನ ತತ್ತ್ವಜ್ಞ ರಿಚರ್ಡ್ ಸ್ವಿನ್‌ಬರ್ನ್ ವಾದಿಸುತ್ತಾರೆ. ನಿರ್ಗುಣ ಬ್ರಹ್ಮದ ಮಟ್ಟಿಗೆ ಒಪ್ಪಬಹುದು. ಕೋಟ್ಯಂತರ ಜನರ ಪ್ರಾರ್ಥನೆಯನ್ನು ಒಮ್ಮೆಲೇ ಕೇಳಿ ಒಬ್ಬೊಬ್ಬರಿಗೂ ಓಗೊಡುವ ದೇವರೂ ಅಷ್ಟೇ ಸರಳ ಎಂದಾಗ ಡಾಕಿನ್ಸ್ ತಕರಾರು ತೆಗೆಯುತ್ತಾರೆ. ಅಲ್ಲಿ ಸ್ವಿನ್‌ಬರ್ನ್ ಉತ್ತರ ಸಾಲದು.