ಸುಟ್ಟ ಮಣ್ಣಿನ ಸತ್ಯ

ಅಲ್ಯೂಮಿನಾ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕುಲುಮೆಯಲ್ಲಿ ಚೆನ್ನಾಗಿ ಸುಟ್ಟರೆ ಉಕ್ಕನ್ನೂ ಗೀರಬಲ್ಲ ಬಿಳಿಯ ಗಟ್ಟಿ ಪದಾರ್ಥ ಬರುತ್ತದೆ. ಅದರಲ್ಲಿ ಲೋಹ ಕರಗಿಸುವ ಮೂಸೆ ಮಾಡುತ್ತಾರೆ. ಜವಳಿ ಯಂತ್ರಗಳಲ್ಲಿ ಎಳೆ ಸವೆಯದಂತೆ ಸಾಗಿಸುವ ಥ್ರೆಡ್ ಗೈಡ್ ಎಂಬ ಪುಟ್ಟ ಬಳೆಯನ್ನೂ ಮಾಡುತ್ತಾರೆ. ಎರಡಕ್ಕೂ ಒಂದೇ ಪುಡಿ, ಒಂದೇ ಬೆಂಕಿ. ಆದರೆ ಕಸ್ಟಮ್ಸ್ ಸುಂಕಪಟ್ಟಿಯಲ್ಲಿ ಮೂಸೆಯ ಹೆಡಿಂಗ್ 6903, ಬಳೆಯದು 6909. ಬಳೆಯನ್ನು ಕುಲುಮೆಗೆ ಹಾಕಿದರೆ ಅದೂ ತಾಳಿಕೊಳ್ಳುತ್ತದೆ. ಆದರೆ ತಾಳುವ ಶಕ್ತಿಯೊಂದೇ ಸಾಲದು, ಉರಿಯಲ್ಲಿ ಕೆಲಸ ಮಾಡಲೆಂದೇ ರೂಪಿಸಿರಬೇಕು ಎನ್ನುತ್ತದೆ ವಿಶ್ವ ಕಸ್ಟಮ್ಸ್ ಸಂಸ್ಥೆಯ ವಿವರಣಾ ಟಿಪ್ಪಣಿ. ಅದು ಉದಾಹರಣೆಗೆ ಎತ್ತಿಕೊಂಡಿರುವುದೂ ಈ ಎರಡು ವಸ್ತುಗಳನ್ನೇ.

ನಾನು ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ ಆಮದುದಾರರ ಪರವಾಗಿ ಬಿಲ್ ಆಫ್ ಎಂಟ್ರಿ ಸಲ್ಲಿಸುವ ಕಸ್ಟಮ್ಸ್ ಬ್ರೋಕರ್. ಉಡುಪಿಯ ಕಡೆಯವಳು. ವೇದಾಂತ ಪಾಠ ಹೇಳುವ ದೊಡ್ಡಪ್ಪನ ಮನೆಯಲ್ಲಿ ಬೆಳೆದವಳು. ಆದ್ದರಿಂದಲೋ ಏನೋ, ಈ ಟಿಪ್ಪಣಿ ಓದಿದಾಗಲೆಲ್ಲ ನನಗೆ ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯ ನೆನಪಾಗುತ್ತದೆ. ಹನ್ನೆರಡು ವರ್ಷ ಓದಿ ಬೀಗುತ್ತಾ ಮನೆಗೆ ಬಂದ ಶ್ವೇತಕೇತುವಿಗೆ ತಂದೆ ಉದ್ದಾಲಕರು ಹೇಳುವ ಮಾತು: ಮಣ್ಣಿನ ಒಂದು ಮುದ್ದೆಯನ್ನು ತಿಳಿದರೆ ಮಣ್ಣಿನಿಂದಾದದ್ದೆಲ್ಲ ತಿಳಿದಂತೆ. ಗಡಿಗೆ, ಕುಡಿಕೆ ಎಂಬುವು ಮಾತಿನಲ್ಲಿರುವ ಹೆಸರುಗಳು, ಮಣ್ಣೇ ದಿಟ ಎಂದು ಶಂಕರರು ಇದಕ್ಕೆ ಅರ್ಥ ಮಾಡಿದರು. ಹಾಗೆ ನೋಡಿದರೆ ಮೂಸೆ, ಬಳೆ ಎಂಬ ಭೇದ ವ್ಯವಹಾರದ್ದು; ಅಲ್ಯೂಮಿನಾ ಒಂದೇ ಸತ್ಯ.

ಒಂದು ವಸ್ತು ನಿಜಕ್ಕೂ ಏನು ಎಂಬ ಪ್ರಶ್ನೆ ನನಗೆ ಪುಸ್ತಕದ್ದಾಗಿ ಉಳಿದಿಲ್ಲ. 2011ರಿಂದ ನಮ್ಮ ದೇಶದಲ್ಲಿ ಆಮದುದಾರನೇ ತನ್ನ ಸರಕಿನ ವರ್ಗವನ್ನೂ ಸುಂಕವನ್ನೂ ನಿರ್ಧರಿಸಿ ಘೋಷಿಸಬೇಕು. ಅಧಿಕಾರಿ ಪರಿಶೀಲಿಸುವುದು ಆಮೇಲೆ. ಎದುರಿಗೆ ಒಂದು ಅಲ್ಯೂಮಿನಾ ಕೊಳವೆ ಇದೆ ಎನ್ನಿ. ಕುಲುಮೆಯೊಳಗೆ ಥರ್ಮೋಕಪಲ್ ತಂತಿಗೆ ಕವಚವಾಗಲೆಂದು ಮಾಡಿದ್ದರೆ 6903. ವಿದ್ಯುತ್ ಯಂತ್ರದೊಳಗಿನ ನಿರೋಧಕ ಬಿಡಿಭಾಗವಾಗಿದ್ದರೆ ಅಧ್ಯಾಯವನ್ನೇ ದಾಟಿ 8547. ರಾಸಾಯನಿಕ ಕಾರ್ಖಾನೆಯ ತಣ್ಣನೆಯ ದ್ರವ ಹರಿಯಲೆಂದಾದರೆ 6909. ಆ ಹೆಡಿಂಗಿನೊಳಗೂ ಗಡಸುತನ ಮೋಸ್ ಅಳತೆಯಲ್ಲಿ 9 ಮುಟ್ಟುವ ಸರಕಿಗೆ ಬೇರೆಯೇ ಉಪಶೀರ್ಷಿಕೆ. ಮೂರು ಕೊಳವೆಗಳನ್ನು ಅಂಗೈಯಲ್ಲಿಟ್ಟುಕೊಂಡರೆ ಕಣ್ಣಿಗೆ ವ್ಯತ್ಯಾಸ ಕಾಣಬೇಕೆಂದಿಲ್ಲ. ಅದಕ್ಕೇ ಅಧಿಕಾರಿಗಳು ಕ್ಯಾಟಲಾಗ್ ಕೇಳುತ್ತಾರೆ, ಡ್ರಾಯಿಂಗ್ ಕೇಳುತ್ತಾರೆ. ಅವರು ಹುಡುಕುತ್ತಿರುವುದು ಮಾಡಿದವನ ಮನಸ್ಸಿನ ಗುರುತನ್ನು ಎಂದೇ ನಾನು ತಿಳಿದಿದ್ದೇನೆ. ಗೋಡೆ ಎಷ್ಟು ದಪ್ಪ, ಒಂದು ತುದಿ ಮುಚ್ಚಿದೆಯೇ, ಒಳರಂಧ್ರ ಎಷ್ಟಿವೆ, ಎಷ್ಟು ಸೂಕ್ಷ್ಮವಾಗಿ ಉಜ್ಜಿ ಅಳತೆಗೆ ತಂದಿದ್ದಾರೆ, ಇವೆಲ್ಲ ಆ ಗುರುತುಗಳು.

ಇಲ್ಲಿ ಒಂದು ಭೇದವನ್ನು ಬಿಡಿಸಿ ಹೇಳಲೇಬೇಕು. ಮಾಡಿದವನ ಉದ್ದೇಶ ಬೇರೆ, ಕೊಂಡವನ ಬಳಕೆ ಬೇರೆ. ಮೂಸೆಯನ್ನು ಕೊಂಡವರು ಅದರಲ್ಲಿ ತುಳಸಿ ನೆಟ್ಟರೂ ಅದು ಮೂಸೆಯೇ. ಸರಕನ್ನು ಗಡಿಗೆ ತಂದ ಸ್ಥಿತಿಯಲ್ಲಿ ನೋಡಬೇಕು, ನಾಳೆ ಏನಾಗುತ್ತದೆಂದು ಅಲ್ಲ. (ಅಂತಿಮ ಬಳಕೆ ನೋಡಿ ಕೊಡುವ ರಿಯಾಯಿತಿಗಳಿವೆ. ಅವು ದರವನ್ನು ಮುಟ್ಟುತ್ತವೆ, ಹೆಡಿಂಗನ್ನು ಮುಟ್ಟುವುದಿಲ್ಲ.) ಹಾಗಾದರೆ ಉದ್ದೇಶ ಎಂಬುದು ನಮ್ಮ ತಲೆಯೊಳಗೆ ಮಾತ್ರ ಇರುವ ಸಂಗತಿಯಲ್ಲ. ಅದು ಆಕಾರದೊಳಗೆ ಇಳಿದು, ಬೆಂಕಿಯಲ್ಲಿ ಸುಟ್ಟು, ವಸ್ತುವಿನದೇ ಗುಣವಾಗಿ ನಿಂತಿದೆ. ಮಣ್ಣಿನಷ್ಟೇ ಅದೂ ನಿಜ. ನನ್ನ ನಂಬಿಕೆ ಇದು.

ದೊಡ್ಡಪ್ಪನಿಗೆ ಇದನ್ನು ಹೇಳಿದಾಗ ಅವರು, “ಮಗಾ, ಆಚಾರ್ಯರು ಹೇಳಿದ್ದು ಅದನ್ನೇ ಅಲ್ಲವಾ?” ಎಂದರು. ವಿಷ್ಣುತತ್ತ್ವವಿನಿರ್ಣಯದಲ್ಲಿ ಮಧ್ವಾಚಾರ್ಯರು ಎತ್ತುವ ಆಕ್ಷೇಪ ಬಹಳ ನೇರವಾದದ್ದು. ಲೋಕದ ಮಡಕೆಗಳೆಲ್ಲ ಒಂದೇ ಮುದ್ದೆಯಿಂದ ಆದವೇನು? ಇಲ್ಲವಲ್ಲ. ಉಪಾದಾನವೇ ಸತ್ಯ ಎನ್ನುವುದಷ್ಟೇ ಶ್ರುತಿಯ ಅಭಿಪ್ರಾಯವಾಗಿದ್ದರೆ ಮಣ್ಣು ಎಂದರೆ ಸಾಕಿತ್ತು, ಒಂದು ಎಂದೂ ಮುದ್ದೆ ಎಂದೂ ಹೇಳುವ ಅಗತ್ಯವಿರಲಿಲ್ಲ. ಒಂದನ್ನು ತಿಳಿದರೆ ಅದರ ಹೋಲಿಕೆಯಿಂದ ಉಳಿದವನ್ನು ಅರಿಯಬಹುದು. ಹೋಲುವ ವಸ್ತುಗಳು ಬೇರೆಬೇರೆಯಾಗಿಯೇ ಇರುತ್ತವೆ. ಜಡ ಜಡಗಳ ನಡುವಿನ ಭೇದವೂ ಸತ್ಯ ಎಂಬುದು ಅವರ ಪಂಚಭೇದದಲ್ಲಿ ಒಂದು. ಚಿಕ್ಕಂದಿನಲ್ಲಿ ಆ ಭೇದ ನನಗೆ ಲೆಕ್ಕ ತುಂಬಿಸಲು ಸೇರಿಸಿದಂತೆ ಕಾಣುತ್ತಿತ್ತು. ಈಗ ಅದರ ತೂಕ ತಿಳಿಯುತ್ತದೆ.

ಆದರೆ ಜೀವರ ಸ್ವರೂಪದಲ್ಲೇ ತಾರತಮ್ಯವಿದೆ ಎಂದು ಅದೇ ಆಚಾರ್ಯರು ಹೇಳುವಲ್ಲಿ ನಾನು ಅವರ ಹಿಂದೆ ಹೋಗಲಾರೆ. ದೊಡ್ಡಪ್ಪನಿಗೂ ಹಾಗೆಯೇ ಹೇಳಿದ್ದೇನೆ. ಮೂಸೆಗೆ ಡ್ರಾಯಿಂಗ್ ಇದೆ, ತೆಗೆದು ತೋರಿಸಬಹುದು. ಇಂಥ ಕೆಲಸಕ್ಕೇ ಹುಟ್ಟಿದವನು ಎಂದು ಮನುಷ್ಯನ ವಿಷಯದಲ್ಲಿ ತೋರಿಸುವ ಡ್ರಾಯಿಂಗ್ ಯಾರ ಬಳಿಯೂ ಇಲ್ಲ. ಇದೆ ಎಂದವರು ನಮ್ಮ ನಾಡಿನಲ್ಲಿ ಜನರನ್ನು ಎಷ್ಟು ನೋಯಿಸಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು.

ಸುಂಕಪಟ್ಟಿ ಎಲ್ಲ ಕಡೆಯೂ ಉದ್ದೇಶಕ್ಕೇ ಮೇಲುಗೈ ಕೊಡುತ್ತದೆ ಎಂದುಕೊಳ್ಳಬೇಡಿ. ಸೆರಾಮಿಕ್ ಪಂಪು ಪಂಪೇ ಆದರೂ ಯಂತ್ರಗಳ 84ನೇ ಅಧ್ಯಾಯ ಅದನ್ನು ಹೊರಗಿಟ್ಟು ಸೆರಾಮಿಕ್ ವಸ್ತುಗಳ 69ಕ್ಕೆ ಕಳಿಸುತ್ತದೆ; ಅಲ್ಲಿ ಗೆಲ್ಲುವುದು ಮಣ್ಣು. ಅದೇ ಪಿಂಗಾಣಿ ಹಲ್ಲಾದರೆ 9021, ಗುಂಡಿಯಾದರೆ 9606. ಬೆಂಗಳೂರಿನಲ್ಲಿ ಮೈಸೂರು ಸರ್ಕಾರ ಕಟ್ಟಿದ, ಮುಂದೆ ಬಿಎಚ್‌ಇಎಲ್ ಸೇರಿದ ಪಿಂಗಾಣಿ ಕಾರ್ಖಾನೆಯಲ್ಲಿ ತಯಾರಾದಂಥ ಇನ್ಸುಲೇಟರ್ 8546. ಪಂಪಿನ ಸಿಲಿಕಾನ್ ಕಾರ್ಬೈಡ್ ಸೀಲ್ ಉಂಗುರ ಬಿಡಿಯಾಗಿ ಬಂದರೆ 6909, ಸ್ಪ್ರಿಂಗು, ಲೋಹದ ಕವಚ ಸೇರಿ ಮೆಕ್ಯಾನಿಕಲ್ ಸೀಲ್ ಆಗಿ ಬಂದರೆ 8484. ಅವಯವಗಳಿಗಿಂತ ಅವಯವಿ ಬೇರೆಯೇ ಒಂದು ವಸ್ತು ಎಂದು ನ್ಯಾಯ-ವೈಶೇಷಿಕರು ಬೌದ್ಧರೊಡನೆ ಶತಮಾನಗಳ ಕಾಲ ವಾದಿಸಿದರು. ಆ ವಾದ ಇಲ್ಲಿ ದಿನನಿತ್ಯದ ಕೆಲಸವಾಗಿ ನಡೆಯುತ್ತದೆ.

69ನೇ ಅಧ್ಯಾಯದ ಬಾಗಿಲಲ್ಲೇ ಒಂದು ನಿಯಮವಿದೆ: ಮೊದಲು ಆಕಾರ ಕೊಟ್ಟು, ಆಮೇಲೆ ಸುಟ್ಟಿರಬೇಕು. 2022ರಲ್ಲಿ ಅದಕ್ಕೆ ಇನ್ನೊಂದು ಸ್ಪಷ್ಟನೆ ಸೇರಿತು. ರಾಳ ಗಟ್ಟಿಯಾಗಲೆಂದೋ ನೀರು ಆರಲೆಂದೋ 800 ಡಿಗ್ರಿಗಿಂತ ಕೆಳಗೆ ಕಾಯಿಸಿದ್ದನ್ನು ಸುಟ್ಟದ್ದು ಎನ್ನಲಾಗದು.

ಈ ಸುಡುವಿಕೆಯನ್ನೇ ಹಿಡಿದು ದೊಡ್ಡಪ್ಪನೊಡನೆ ಇನ್ನೂ ನಡೆದಿರುವ ವಾದವೊಂದಿದೆ. 25ನೇ ಅಧ್ಯಾಯ ಉಪ್ಪು, ಗಂಧಕ, ಮಣ್ಣು, ಕಲ್ಲುಗಳದ್ದು. ಅದರ 2530ನೇ ಹೆಡಿಂಗಿನಲ್ಲಿ ಒಡೆದ ಮಡಕೆ, ಒಡೆದ ಇಟ್ಟಿಗೆಯ ಚೂರುಗಳಿಗೂ ಜಾಗವಿದೆ. ಇದನ್ನು ಕೇಳಿ ಅವರು, ತಾವು ದ್ವೈತಿಗಳಾದರೂ, ಪೂರ್ವಪಕ್ಷ ಹಿಡಿದು ನನ್ನನ್ನು ಕಾಡುತ್ತಾರೆ: “ನೋಡು, ಆಕಾರ ಹೋದ ಕೂಡಲೇ ನಿನ್ನ ಪಟ್ಟಿಯೂ ಅದನ್ನು ಮಣ್ಣಿನ ಪಕ್ಕಕ್ಕೇ ಇಡುತ್ತದೆ. ಕೊನೆಗೂ ಉಳಿದದ್ದು ಮಣ್ಣೇ ತಾನೆ?” ಆಕಾರ ಒಡೆದಾಗ ಉದ್ದೇಶವೂ ಹೋಯಿತು, ಅಷ್ಟನ್ನು ಒಪ್ಪುತ್ತೇನೆ ದೊಡ್ಡಪ್ಪ ಎನ್ನುತ್ತೇನೆ. ಆದರೆ ಆ ಚೂರನ್ನು ಕುಟ್ಟಿ ನೀರು ಹಾಕಿ ಕಲಸಿದರೆ ಚಕ್ರದ ಮೇಲೆ ಅದು ಏಳುವುದಿಲ್ಲ. ಜೇಡಿಯ ಕಣದೊಳಗೆ ಬೆಸೆದುಕೊಂಡಿದ್ದ ನೀರಿನ ಅಂಶವನ್ನು ಬೆಂಕಿ ಓಡಿಸಿದೆ. ಉರಿ ಸಾಕಷ್ಟು ಹೆಚ್ಚಿದ್ದರೆ ಮುಲೈಟಿನಂಥ ಹೊಸ ಹರಳುಗಳೂ ಕಟ್ಟಿರುತ್ತವೆ. ಗ್ರಾಗ್ ಎಂಬ ಹೆಸರಿನಲ್ಲಿ ಹೊಸ ಜೇಡಿಗೆ ಬೆರೆಸಬಹುದು, ಅದೇ ಜೇಡಿಯಾಗಿ ತಿರುಗಲಾರದು. ಸುಂಕಪಟ್ಟಿ ಒಡೆದ ಚೂರನ್ನು ಮಣ್ಣಿನ ಅಧ್ಯಾಯಕ್ಕೆ ಸೇರಿಸಿದರೂ ಜೇಡಿಯ ಹೆಡಿಂಗಿಗೆ ಸೇರಿಸಿಲ್ಲ. ಜೇಡಿಯ ಜಾಗ 2507, 2508. ಉದ್ದಾಲಕರ ಮುದ್ದೆ ಹಸಿಯದು, ಸುಡುವ ಮೊದಲಿನದು. ಸುಟ್ಟ ಮೇಲೆ ಉಳಿಯುವುದು ಮೂರನೆಯ ಒಂದು ವಸ್ತು, ಅದಕ್ಕೂ ಅದರದೇ ಸತ್ಯವಿದೆ ಎಂಬುದು ನನ್ನ ಉತ್ತರ. ಅವರು ಇನ್ನೂ ಒಪ್ಪಿಲ್ಲ.